ಮುರಂಗಾ ಮರದ ಹನ್ನೊಂದು ಗಾಯ

ಹರಾರೆ
12 ಜನವರಿ 1998

ಪ್ರೀತಿಯ ತೇತೆ,

ಇಲ್ಲಿಂದಲೇ ಮಂಡಿಯೂರಿ ಕೈ ತಟ್ಟಿ ನಮಸ್ಕರಿಸಿದ್ದೇನೆ ಅಂದುಕೊಳ್ಳಿ. ಕ್ರಿಸ್‌ಮಸ್ಸಿಗೆ ಬರಲಿಲ್ಲವೆಂದು ನೀವು ಕೆಂಡವಾಗಿದ್ದೀರಂತೆ, ಚಿಪಿಂಗೆ ಬಸ್ಸಿನ ಡ್ರೈವರ್ ಹೇಳಿದ. “ನಿಮ್ಮಪ್ಪನ ಅಕ್ಕ ನನ್ನೇ ಬೈದ್ಲು ತಾಯಿ, ನಾನೇನೋ ನಿನ್ನ ಡಿಕ್ಕಿಯಲ್ಲಿ ಬಚ್ಚಿಟ್ಕೊಂಡಿದೀನಿ ಅನ್ನೋ ಹಾಗೆ” ಎಂದ. ತಪ್ಪಾಯಿತು. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮೇಲೆ ನನಗೆ ಬೈಯಲಿಕ್ಕೆ ಇರುವವರು ನೀವೊಬ್ಬರೇ, ಬೈಯಿರಿ.

ಬರದೆ ಇದ್ದದ್ದಕ್ಕೆ ಕಾರಣ ಓದು. ಈ ವರ್ಷ ಪ್ರಬಂಧ ಬರೆದು ಕೊಟ್ಟರೆ ಎಂ.ಎಸ್ಸಿ. ಮುಗಿಯುತ್ತದೆ, ಇಲ್ಲದಿದ್ದರೆ ಮೂರು ವರ್ಷ ನೀರಿನಲ್ಲಿ ಹೋಮ. ವಿಷಯ ಯಾವುದು ಗೊತ್ತೇ? ನಮ್ಮ ಮುರಂಗಾ. ಅದರ ತೊಗಟೆಯೊಳಗೆ ಇರುವ ಶಕ್ತಿ ಎಷ್ಟು ಎಂದು ಅಳೆಯಬೇಕು. ನಮ್ಮ ದೇಶದ ಕಾಡಿನಲ್ಲಿ ಆ ಮರ ಮುಗಿದೇ ಹೋಯಿತು ಎಂದು ಪುಸ್ತಕಗಳು ಹೇಳುತ್ತವೆ. ಇಲ್ಲಿನ ಔಷಧಿ ಸಂತೆಯಲ್ಲಿ ಮುರಂಗಾ ಎಂದು ಕೊಟ್ಟದ್ದನ್ನು ಅಗಿದು ನೋಡಿದೆ. ಒಂದಿಷ್ಟೂ ಖಾರವಿಲ್ಲ, ಹೊಟ್ಟು ತಿಂದ ಹಾಗಿತ್ತು.

ನಿಮ್ಮ ಹತ್ತಿರ ನಿಜವಾದದ್ದು ಇದೆ. ಎಂಟು ವರ್ಷದವಳಿದ್ದಾಗ ಅದನ್ನು ಕುಡಿದೇ ನಾನು ಬದುಕಿದ್ದು. ಒಂದು ಹಿಡಿ ತೊಗಟೆ ಕಳಿಸಿ ತೇತೆ. ಜೊತೆಗೆ ಮರ ಎಲ್ಲಿದೆ ಎಂದು ಎರಡು ಸಾಲು ಬರೆಯಿರಿ.

ನಿಮ್ಮ ಮಗಳು,
ಶುವಾಯಿ

*

ಮುತ್ಸಂಗಾ
3 ಫೆಬ್ರವರಿ 1998

ಮಗಳೇ ಶುವಾಯಿ,

ಕಾಗದ ತಲುಪಿತು. ಏನಾದರೂ ಬೇಕಾದಾಗ ನಿನಗೆ ತೇತೆಯ ನೆನಪು ಬರುತ್ತದೆ, ಅಷ್ಟಾದರೂ ಬರುತ್ತದಲ್ಲ, ಸಂತೋಷ.

ಸಂತೆಯಲ್ಲಿ ಹೊಟ್ಟು ತಿಂದೆಯಾ? ತಿನ್ನು. ಬೇಲಿಯ ಗೂಟ ಕೆತ್ತಿ ಕೊಟ್ಟರೂ ಪಟ್ಟಣದವರು ಔಷಧಿ ಎಂದು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ.

ಡ್ರೈವರನ ಕೈಯಲ್ಲಿ ಕರಿಬಟ್ಟೆಯ ಗಂಟು ಕಳಿಸಿದ್ದೇನೆ. ಅದರಲ್ಲಿ ನಾಲ್ಕು ತುಂಡು ಇದೆ, ಎಣಿಸಿಕೋ, ಅವನ ಹೆಂಡತಿಗೂ ಕೆಮ್ಮು. ಈಗ ಹೊಸದಾಗಿ ಕೊಯ್ದದ್ದಲ್ಲ. ನಿನ್ನಪ್ಪ ಮಲಗಿದಾಗ ಅವನಿಗೆಂದು ಕೊಯ್ದದ್ದು. ಅದು ಒಣಗುವಷ್ಟು ಹೊತ್ತೂ ಅವನು ಕಾಯಲಿಲ್ಲ. ಆರು ವರ್ಷದಿಂದ ಗೂಡಿನಲ್ಲಿತ್ತು, ಎಸೆಯಲು ಮನಸ್ಸು ಬಂದಿರಲಿಲ್ಲ. ನಿನಗಾದರೂ ಉಪಯೋಗಕ್ಕೆ ಬರಲಿ.

ಜಾಗ ಮಾತ್ರ ಕೇಳಬೇಡ. ನಿನ್ನ ಮಾವ ಮೂವತ್ತು ವರ್ಷ ನನ್ನ ಜೊತೆ ಬಾಳಿದ, ಅವನಿಗೇ ಹೇಳಲಿಲ್ಲ. ಕುಡಿದಾಗ ಒಂದು ಸಲ ಹಠ ಹಿಡಿದ. “ಊಟ ಹಂಚ್ಕೊಂಡೆ, ಹಾಸಿಗೆ ಹಂಚ್ಕೊಂಡೆ, ಒಂದು ಮರ ಹಂಚ್ಕೊಳಕ್ಕೆ ಆಗಲ್ವಾ ನಿಂಗೆ?” ಎಂದು ಕೂಗಾಡಿದ. ರಾಗಿ ಹೆಂಡ ಇನ್ನೊಂದು ಮಡಕೆ ಮುಂದಿಟ್ಟೆ, ಮರ ಮರೆತ.

ಹಣ್ಣು ತಿನ್ನು. ಕೂದಲಿಗೆ ಆ ಹಾಳು ಬಿಸಿ ಇಕ್ಕಳ ಹಿಡಿಸಬೇಡ.

ನಿನ್ನ ತೇತೆ,
ಹಜ್ವಿನೈ

*

ಹರಾರೆ
24 ಫೆಬ್ರವರಿ 1998

ಪ್ರೀತಿಯ ತೇತೆ,

ನಾಲ್ಕು ತುಂಡೂ ಬಂದವು. ಡ್ರೈವರ್ ಪ್ರಾಮಾಣಿಕ. ಒಂದರ ಚೂರು ನಾಲಿಗೆಯ ಮೇಲಿಟ್ಟೆ, ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೂ ಹೌದು, ಅಪ್ಪನಿಗೂ ಹೌದು.

ಮಾಡಿದ್ದೇನು ಎಂದು ಹೇಳುತ್ತೇನೆ, ನಗಬೇಡಿ. ಬೆಣ್ಣೆಹಣ್ಣನ್ನು ಕೊಯ್ದು ಇಟ್ಟರೆ ಕಪ್ಪಾಗುತ್ತದಲ್ಲ, ಮಳೆಯಲ್ಲಿ ಬಿಟ್ಟ ಗುದ್ದಲಿಗೆ ತುಕ್ಕು ಹಿಡಿಯುತ್ತದಲ್ಲ, ನಮ್ಮ ಮೈಯೊಳಗೂ ಅಂಥದೊಂದು ಕೆಲಸ ದಿನವೂ ನಡೆಯುತ್ತದೆ. ಅದನ್ನು ತಡೆಯುವ ಗುಣಕ್ಕೆ ಇಲ್ಲಿ ಆಂಟಿಆಕ್ಸಿಡೆಂಟ್ ಎನ್ನುತ್ತಾರೆ. ಆ ಗುಣ ಎಷ್ಟಿದೆ ಎಂದು ನೋಡಲು ಒಂದು ನೇರಳೆ ದ್ರಾವಣವಿದೆ. ಔಷಧಿಯಲ್ಲಿ ಶಕ್ತಿ ಇದ್ದರೆ ನೇರಳೆ ಹೋಗಿ ಹಳದಿಯಾಗುತ್ತದೆ. ಸಂತೆಯ ತೊಗಟೆ ಹಾಕಿದಾಗ ಅರ್ಧ ಗಂಟೆಯಾದರೂ ನೇರಳೆ ನೇರಳೆಯಾಗಿಯೇ ಕೂತಿತ್ತು. ನಿಮ್ಮದನ್ನು ಹನಿ ಹನಿ ಬಿಟ್ಟೆ. ನೋಡನೋಡುತ್ತ ಹಳದಿಗೆ ತಿರುಗಿತು. ಪಕ್ಕದ ಮೇಜಿನ ಹುಡುಗಿ ಎದ್ದು ಬಂದು “ಇದೆಲ್ಲಿಂದ ತಂದ್ಯೇ?” ಎಂದಳು. “ನಮ್ಮ ತೇತೆ ಮನೆಯಿಂದ” ಎಂದೆ, ಎದೆ ಉಬ್ಬಿಸಿ.

ಈಗ ಕಷ್ಟ ಶುರು. ಪ್ರೊಫೆಸರ್ ಫಲಿತಾಂಶ ನೋಡಿ ಖುಷಿಪಟ್ಟರು, ಆಮೇಲೆ ಕೇಳಿದರು: “ಮರ ಎಲ್ಲಿದೆ? ಟೊಂಗೆ ಎಲ್ಲಿ? ಹೂ ಎಲ್ಲಿ?” ಎಲೆ, ಹೂ ಇರುವ ಒಂದು ಟೊಂಗೆಯನ್ನು ಒಣಗಿಸಿ ಹಾಳೆಗೆ ಅಂಟಿಸಿ, ಕೆಳಗೆ ಚೀಟಿಯಲ್ಲಿ ಅದು ಬೆಳೆದ ಜಾಗ ಬರೆಯಲೇಬೇಕು. ಜಾಗವಿಲ್ಲದ ಗಿಡಕ್ಕೆ ಇಲ್ಲಿ ಬೆಲೆಯಿಲ್ಲ, ಅಂಥ ಗಿಡದ ಮೇಲೆ ಬರೆದ ಪ್ರಬಂಧಕ್ಕೂ ಇಲ್ಲ. ಏಪ್ರಿಲ್ ಕೊನೆಗೆ ಒಪ್ಪಿಸಬೇಕು. ದಮ್ಮಯ್ಯ ತೇತೆ, ಹೇಳಿಬಿಡಿ. ರಾತ್ರಿ ನಿದ್ದೆ ಬರುತ್ತಿಲ್ಲ, ಉಗುರು ಕಚ್ಚಿ ಕಚ್ಚಿ ಬೆರಳೇ ಉಳಿದಿಲ್ಲ.

ಶುವಾಯಿ

*

ಮುತ್ಸಂಗಾ
12 ಮಾರ್ಚ್ 1998

ಶುವಾಯಿ,

ನಿನ್ನ ನೇರಳೆ ನೀರು ಹಳದಿಯಾಯಿತು, ಬಹಳ ಸಂತೋಷ. ಅದರಿಂದ ಯಾರ ಕೆಮ್ಮು ನಿಂತಿತು?

ಕೇಳು. ನೀನು ಆಗ ಚಿಕ್ಕವಳು, ಪೂರ್ತಿ ಹೇಳಿರಲಿಲ್ಲ. ಮುರಂಗಾ ಕೊಯ್ಯುವುದಕ್ಕೆ ಕ್ರಮವಿದೆ. ಚಪ್ಪಲಿ ಬಿಟ್ಟು, ಬುಡದಲ್ಲಿ ನಶ್ಯ ಇಟ್ಟು, ಯಾರಿಗಾಗಿ ಕೊಯ್ಯುತ್ತಿದ್ದೇನೆ ಎಂದು ಹೆಸರು ಹೇಳಿ, ಹುಟ್ಟುವ ಸೂರ್ಯನ ಕಡೆಗೆ ಅಂಗೈಯಗಲ, ಮುಳುಗುವ ಕಡೆಗೆ ಅಂಗೈಯಗಲ. ಅಷ್ಟೇ. ಗಾಯಕ್ಕೆ ಮಣ್ಣು ಮೆತ್ತಬೇಕು. ಗಾಯ ಮುಚ್ಚುತ್ತ ಬಂದ ಹಾಗೆ ರೋಗಿಯೂ ಏಳುತ್ತಾನೆ. ಮರ ಸತ್ತರೆ ಅದರಿಂದ ಎದ್ದವರು ಅದರ ಹಿಂದೆಯೇ ಹೋಗುತ್ತಾರೆ. ನನ್ನ ಅಜ್ಜಿ ನನಗೆ ಹೇಳಿದ್ದು ಇದು. ನಾನು ಔಷಧಿ ಕೊಟ್ಟವರಿಗೆಲ್ಲ ಬಟ್ಟಲು ಕೈಗಿಡುವ ಮೊದಲು ಹೇಳಿದ್ದೂ ಇದೇ.

ಆ ಮರದಿಂದ ಎದ್ದು ಇವತ್ತು ಓಡಾಡುತ್ತಿರುವವರು ಹನ್ನೊಂದು ಜನ. ಅವರಲ್ಲಿ ಮೊದಲು ಎದ್ದವಳು ನೀನು. ನಿನ್ನ ಎದೆ ಮುರುಕು ತಿದಿಯ ಹಾಗೆ ಕೀಂಯ್ ಕೀಂಯ್ ಎನ್ನುತ್ತಿತ್ತು, ನಿನ್ನಪ್ಪ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದ. ಹುಟ್ಟುವ ಸೂರ್ಯನ ಕಡೆ ಇರುವ ನಿನ್ನ ಗಾಯ ಈಗ ಪೂರ್ತಿ ಮುಚ್ಚಿದೆ, ತುಟಿಯ ಹಾಗೆ ಒಂದು ಗೆರೆ ಮಾತ್ರ ಕಾಣುತ್ತದೆ. ಹೋದಾಗಲೆಲ್ಲ ಅದನ್ನು ಸವರಿ ಬರುತ್ತೇನೆ.

ಅಂಥ ಮರದ ವಿಳಾಸವನ್ನು ಚೀಟಿಯಲ್ಲಿ ಬರೆದು ಅಂಟಿಸಲೇನು? ನಿನ್ನ ಪ್ರಾಣ ತೆಗೆದುಕೊಂಡು ಹೋಗಿ ರಸ್ತೆಯಲ್ಲಿ ಇಟ್ಟು ಬಾ ಎಂದಂತೆ ಅದು.

ಹಠ ಮಾಡುತ್ತೀ ಎಂದು ಗೊತ್ತು. ಎಲೆ, ಹೂ ಇರುವ ಒಂದು ಟೊಂಗೆ ಕಳಿಸಿದ್ದೇನೆ. ಎಲೆಯನ್ನು ಆಡೂ ಮೂಸುವುದಿಲ್ಲ, ಬೇಕಾದಷ್ಟು ಅಂಟಿಸಿಕೋ. ಜಾಗ ಇಲ್ಲ. ಇಲ್ಲ ಎಂದರೆ ಇಲ್ಲ.

ಹಜ್ವಿನೈ

*

ಹರಾರೆ
8 ಏಪ್ರಿಲ್ 1998

ಪ್ರೀತಿಯ ತೇತೆ,

ಗೆದ್ದೆ! ಹೆದರಬೇಡಿ, ನಿಮ್ಮ ಗುಟ್ಟು ನಿಮ್ಮಲ್ಲೇ ಇದೆ.

ಮೂರು ದಿನ ಆ ಚೀಟಿಯನ್ನು ಮುಂದಿಟ್ಟುಕೊಂಡು ಕೂತೆ. ನಿಜ ನನಗೆ ಗೊತ್ತಿಲ್ಲ, ಖಾಲಿ ಬಿಡುವ ಹಾಗಿಲ್ಲ. ಸುಳ್ಳು ಬರೆಯಬೇಕು, ಆದರೆ ಆ ಸುಳ್ಳನ್ನು ನಂಬಿ ಯಾರೋ ಹೋಗಿ ಯಾರದೋ ಹೊಲ ಅಗೆಯಬಾರದು. ಯಾರೂ ಕಾಲಿಡದ ಜಾಗ ಯಾವುದು ಎಂದು ಯೋಚಿಸಿದೆ. ಥಟ್ಟನೆ ಹೊಳೆಯಿತು. ಚಿನ್ಯಾದೊ ಗುಡ್ಡದ ಹಿಂದಿನ ಅರಸರ ಗೋರಿಗಳ ಕಾಡು! ಆ ಕಡೆ ಬೆರಳು ತೋರಿಸಿದ್ದಕ್ಕೇ ನೀವು ಚಿಕ್ಕಂದಿನಲ್ಲಿ ನನ್ನ ಕೈಗೆ ಹೊಡೆದಿದ್ದಿರಿ, ಮುಷ್ಟಿ ಕಟ್ಟಿ ತೋರಿಸಬೇಕು ಎಂದು. ಸೌದೆ ಆರಿಸಲೂ ಹೋಗದ ಕಾಡು. ಹೋದವನಿಗೆ ದಾರಿ ತಪ್ಪುತ್ತದೆ, ಬುದ್ಧಿಯೂ ತಪ್ಪುತ್ತದೆ. ಅಷ್ಟು ಭದ್ರವಾದ ಜಾಗ ಇಡೀ ದೇಶದಲ್ಲಿಲ್ಲ. ಬರೆದುಬಿಟ್ಟೆ. ಪ್ರೊಫೆಸರ್ ತಲೆದೂಗಿದರು.

ನೀವಂತೂ ಔಷಧಿಗೆ ಹೊರಟಾಗ ಯಾವಾಗಲೂ ಬುಟ್ಟಿ ಹೊತ್ತು ನದಿಯ ಕಡೆ ಇಳಿಯುತ್ತಿದ್ದಿರಿ. ನದಿಯ ಸುದ್ದಿಯನ್ನೇ ಎತ್ತಿಲ್ಲ ನಾನು.

ಇನ್ನೊಂದು ವಿಷಯ. ಆಡೂ ಮೂಸದ ಎಲೆಗಳನ್ನು ಸುಮ್ಮನೆ ಪರೀಕ್ಷೆಗೆ ಹಾಕಿದೆ. ತೇತೆ, ತೊಗಟೆಯ ಶಕ್ತಿಗೆ ಎಲೆಯ ಶಕ್ತಿ ಹೆಚ್ಚುಕಡಿಮೆ ಸಮ! ಐದು ಸಲ ಮಾಡಿ ನೋಡಿದೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಮರ ಸಾಯುವುದಿಲ್ಲ. ನನ್ನ ನೇರಳೆ ನೀರು ಕೆಮ್ಮು ನಿಲ್ಲಿಸುವುದಿಲ್ಲ ಎನ್ನುತ್ತೀರಿ, ಸರಿ. ಆದರೆ ಯೋಚಿಸಿ.

ಒಂದು ಪತ್ರಿಕೆಯವರು ಬಂದು ಹೋದರು. ನನ್ನ ಫೋಟೊ ಬರುತ್ತದಂತೆ. ಕೂದಲಿಗೆ ಇಕ್ಕಳ ಹಿಡಿಸಿದ್ದೆ, ಕ್ಷಮೆಯಿರಲಿ.

ಕುಣಿದಾಡುತ್ತಿರುವ
ಶುವಾಯಿ

*

ಮುತ್ಸಂಗಾ
29 ಮೇ 1998

ಶುವಾಯಿ ಸಿಥೋಲೆ,

ಪತ್ರಿಕೆ ಇಲ್ಲಿಗೂ ಬಂತು. ಮುಯಾಂಬೊನ ಅಂಗಡಿಯಲ್ಲಿ ಗೋಡೆಗೆ ಅಂಟಿಸಿದ್ದಾರೆ. ನಿನ್ನ ನಗುಮುಖ, ಅದರ ಕೆಳಗೆ ಚಿನ್ಯಾದೊ ಗುಡ್ಡದ ಹೆಸರು.

ಮಂಗಳವಾರ ಒಂದು ಲಾರಿ ಬಂದಿತ್ತು. ನಮ್ಮವರಲ್ಲ, ಪಟ್ಟಣದವರು. ಅವರಿಗೆ ಯಾವ ಅರಸ, ಯಾವ ಗೋರಿ? ಶೂ ಹಾಕಿಕೊಂಡೇ ನುಗ್ಗಿದ್ದಾರೆ. ಬುಡದಿಂದ ಕೈಗೆಟುಕುವ ತನಕ ಸುತ್ತಲೂ ಸುಲಿದಿದ್ದಾರೆ. ಏಣಿ ತಂದಿದ್ದರು, ಅದರ ಮೇಲೆ ಹತ್ತಿ ಇನ್ನಷ್ಟು ಸುಲಿದಿದ್ದಾರೆ. ನಿನ್ನ ಗಾಯದ ಗೆರೆ ಇದ್ದ ಜಾಗ ಬಿಳಿಯಾಗಿ ಒದ್ದೆಯಾಗಿ ನಿಂತಿದೆ.

ಹೌದು, ಅಲ್ಲೇ ಇತ್ತು ಮರ. ನದಿಯ ಕಡೆ ಇಳಿದು, ಯಾರೂ ನೋಡದ ಹಾಗೆ ಬಳಸಿ ಸುತ್ತಿ ಹತ್ತುತ್ತಿದ್ದೆ, ಮೂವತ್ತೆಂಟು ವರ್ಷ. ನೀನು ಯಾವತ್ತು ನನ್ನ ಹಿಂದೆ ಬಂದು ನೋಡಿದೆ? ಹತ್ತು ವರ್ಷದವಳಿದ್ದಾಗಲೇ? ನೋಡಿಟ್ಟುಕೊಂಡು ಇಷ್ಟು ವರ್ಷ ಏನೂ ಗೊತ್ತಿಲ್ಲದ ಹಾಗೆ “ಎಲ್ಲಿದೆ ತೇತೆ, ಹೇಳಿ ತೇತೆ” ಎಂದು ನನ್ನ ಬಾಯಿ ಬಿಡಿಸುವ ಆಟ ಆಡಿದೆಯಾ? ಇದಕ್ಕೇನಾ ನಿನಗೆ ಅನ್ನ ಹಾಕಿದ್ದು?

ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ಬರೆಯಲೂ ಬೇಡ.

ಹಜ್ವಿನೈ

*

ಹರಾರೆ
8 ಜೂನ್ 1998

ತೇತೆ,

ನೀವು ಬೇಡವೆಂದರೂ ಬರೆಯುತ್ತಿದ್ದೇನೆ.

ನಾನು ನಿಮ್ಮ ಹಿಂದೆ ಬಂದಿರಲಿಲ್ಲ. ಅಪ್ಪನ ಗೋರಿಯಾಣೆಗೂ ಇಲ್ಲ. ನನಗೆ ಗೊತ್ತಿರಲಿಲ್ಲ. ಯಾರೂ ಕಾಲಿಡದ ಜಾಗ ಹುಡುಕಿದೆ, ಸಿಕ್ಕಿತು. ನೀವೂ ಅದನ್ನೇ ನೆಚ್ಚಿಕೊಂಡಿದ್ದಿರಿ ಎಂದು ನನಗೆ ಹೇಗೆ ಹೊಳೆಯಬೇಕು? ನಿಮ್ಮ ಕೈಯಲ್ಲಿ ಬೆಳೆದ ತಲೆ ನನ್ನದು, ನೀವು ಬಚ್ಚಿಡುವ ಕಡೆಯೇ ನಾನೂ ಬಚ್ಚಿಟ್ಟೆ. ನಾವಿಬ್ಬರೂ ಭಯಪಡುವುದಕ್ಕೆ ಎಲ್ಲರೂ ಭಯಪಡುತ್ತಾರೆ ಎಂದುಕೊಂಡೆ. ಅದು ನನ್ನ ತಪ್ಪು. ಹರಾರೆಯಲ್ಲಿ ಆರು ವರ್ಷ ಇದ್ದೂ ಇಲ್ಲಿನವರಿಗೆ ಗೋರಿಗಳ ಭಯವಿಲ್ಲ ಎಂದು ಕಲಿಯಲಿಲ್ಲ.

ಚೀಟಿ ಹರಿದುಹಾಕಿ ಎಂದು ಪ್ರೊಫೆಸರಿಗೆ ಹೇಳಿದೆ. “ಯಾಕೆ, ಸರಿಯಾಗೇ ಇತ್ತಲ್ಲ?” ಎಂದರು. 

ಶನಿವಾರ ಬಸ್ ಹತ್ತಿ ಚಿಪಿಂಗೆ ಪೇಟೆಯ ತನಕ ಬಂದೆ. ಅಲ್ಲೇ ಇಳಿದುಬಿಟ್ಟೆ. ಬಸ್ ಮುತ್ಸಂಗಾಕ್ಕೆ ಹೊರಟಿತು, ಡ್ರೈವರ್ ಹಾರ್ನ್ ಹೊಡೆದು ಕರೆದ. ಹತ್ತಲಿಲ್ಲ. ನೀವು ಬಾಗಿಲು ತೆಗೆಯುವುದಿಲ್ಲ ಎಂದರೆ ತೆಗೆಯುವುದಿಲ್ಲ, ನನಗೆ ಗೊತ್ತಿಲ್ಲವೇ. ಸಂಜೆಯ ಬಸ್ಸಿಗೆ ವಾಪಸ್ ಬಂದೆ.

ಮರ ಹೇಗಿದೆ? ಅಷ್ಟು ಮಾತ್ರ ತಿಳಿಸಿ.

ಶುವಾಯಿ

*

ಹರಾರೆ
19 ಜುಲೈ 1998

ತೇತೆ,

ಆರು ವಾರವಾಯಿತು, ಒಂದಕ್ಷರ ಇಲ್ಲ.

ಪ್ರಬಂಧ ಒಪ್ಪಿಗೆಯಾಯಿತು. ಎಲ್ಲರೂ ಕೈ ಕುಲುಕಿದರು. ನನಗೆ ಕೈ ತೊಳೆದುಕೊಳ್ಳಬೇಕು ಅನ್ನಿಸಿತು.

ಮೊನ್ನೆ ಔಷಧಿ ಸಂತೆಯ ಮುಂದೆ ಹಾದುಹೋಗುತ್ತಿದ್ದೆ. ಒಬ್ಬಳು ಕೂಗಿದಳು, “ಮುರಂಗಾ ಅಕ್ಕಾ, ಅಸಲಿ ಮುರಂಗಾ! ಅರಸರ ಕಾಡಿಂದ ಬಂದಿರೋದು, ಪೇಪರ್ನಲ್ಲಿ ಬಂದಿತ್ತಲ್ಲ!” ನಿಂತೆ. ಗೋಣಿಯ ಮೇಲೆ ಹರಡಿದ್ದಳು. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಸುಟ್ಟಿತು. ಆರು ವರ್ಷದಲ್ಲಿ ಮೊದಲ ಸಲ ಈ ಸಂತೆಯಲ್ಲಿ ನಿಜವಾದದ್ದು ಸಿಕ್ಕಿತು. “ಯಾಕಮ್ಮಾ ಅಳ್ತೀಯಾ, ಅಷ್ಟು ಖಾರಾನಾ?” ಎಂದಳು. ಹೌದು ಎಂದೆ.

ಒಂದು ತುಂಡಿನ ಮೇಲೆ ಉದ್ದಕ್ಕೆ ಗೆರೆ ಇತ್ತು, ಹಳೆಯ ಗಾಯ ಮುಚ್ಚಿದ ಹಾಗೆ. ಯಾರದೋ ಏನೋ. ಅದನ್ನು ಕೊಳ್ಳಲೂ ಆಗಲಿಲ್ಲ, ಅಲ್ಲಿ ಬಿಟ್ಟು ಬರಲೂ ಆಗಲಿಲ್ಲ. ಕೊನೆಗೆ ಬಿಟ್ಟೇ ಬಂದೆ.

ನೀವು ಬರೆಯಬೇಡ ಎಂದಿರಿ. ಮೂರು ಸಲ ಕೇಳುವುದು ಮರ್ಯಾದೆಯಲ್ಲ. ಇನ್ನು ಬರೆಯುವುದಿಲ್ಲ. ನಿಮಗೇ ಬೇಕೆನಿಸಿದಾಗ ಕರೆಯಿರಿ.

ಶುವಾಯಿ

*

ಮುತ್ಸಂಗಾ
13 ಸೆಪ್ಟೆಂಬರ್ 1998

ಶುವಾಯಿ,

ಬರೆಯುವುದಿಲ್ಲ ಎಂದವಳು ನಿಜಕ್ಕೂ ಬರೆಯದೆ ಕೂತೆಯಾ? ಯಾವ ವಿಷಯದಲ್ಲಿ ತೇತೆಯ ಮಾತು ಕೇಳಬಾರದಿತ್ತೋ ಅದರಲ್ಲೇ ಕೇಳಿದೆ ನೋಡು.

ನಾನು ಏಕೆ ಬರೆಯಲಿಲ್ಲ ಎಂದರೆ, ಪುರುಸೊತ್ತಿರಲಿಲ್ಲ. ದಿನಾ ಬೆಳಗ್ಗೆ ಗುಡ್ಡ ಹತ್ತಿದೆ. ಹಸುವಿನ ಸಗಣಿ, ಹುತ್ತದ ಮಣ್ಣು ಕಲಸಿ ಸುತ್ತಲೂ ಮೆತ್ತಿದೆ, ಗೋಣಿ ಸುತ್ತಿದೆ. ಎಲೆ ಇನ್ನೂ ಹಸಿರಾಗಿತ್ತು, ಜೂನಿನಲ್ಲೂ ಹಸಿರು, ಜುಲೈನಲ್ಲೂ ಹಸಿರು. ಮರ ಗಟ್ಟಿ ಜೀವ ಅಂದುಕೊಂಡೆ. ಬೇರು ತನ್ನೊಳಗೆ ಕೂಡಿಟ್ಟಿದ್ದನ್ನು ಖರ್ಚು ಮಾಡುತ್ತಿತ್ತು ಅಷ್ಟೇ. ಆಗಸ್ಟಿನಲ್ಲಿ ಹಳದಿಗೆ ತಿರುಗಿತು. ಕಳೆದ ವಾರ ಟೊಂಗೆ ಮುರಿದು ನೋಡಿದೆ. ಪಟ್ಟೆಂದಿತು, ಒಳಗೆ ಒಣ ಕಟ್ಟಿಗೆ.

ಅವತ್ತು ಅಲ್ಲಿಂದ ಇಳಿದವಳು ಮನೆಗೆ ಹೋಗಲಿಲ್ಲ. ಮರದಿಂದ ಎದ್ದವರ ಮನೆ ಮನೆಗೆ ಹೋದೆ. ಒಬ್ಬ ಹೆಂಡತಿಯ ಜೊತೆ ಜಗಳವಾಡುತ್ತಿದ್ದ. “ಹುಷಾರಾಗಿದೀಯೇನೋ?” ಎಂದೆ. “ಇವಳ ಜೊತೆ ಇದ್ದೂ ಹುಷಾರಾಗಿರಕ್ಕೆ ಆಗತ್ತಾ ಅಜ್ಜೀ?” ಎಂದ. ಅಷ್ಟು ಖುಷಿಯಾಯಿತು ನನಗೆ, ಅವಳನ್ನೇ ಅಪ್ಪಿಕೊಂಡುಬಿಟ್ಟೆ. ಹೀಗೆ ಎರಡು ದಿನ ನಡೆದೆ. ಹತ್ತು ಜನ, ಹತ್ತೂ ಜೀವಂತ. ಆದರೆ ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಅವರಲ್ಲೊಬ್ಬಳು ರವಿರೋ, ಮಕ್ಕಳನ್ನು ತವರಿಗೆ ಕಳಿಸಿ, ಮಡಕೆಗಳನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿ ಕೂತಿದ್ದಾಳೆ. ಸೇಕುರು ಗಪಾರೆ, ಊರಿಗೆಲ್ಲ ಅಜ್ಜ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ. ಮಳೆ ಹತ್ತಿರ ಬಂತು, ಹೊಲ ಹಸನು ಮಾಡಲ್ಲವಾ ಎಂದರೆ, “ಮರ ಹೋಯ್ತಲ್ಲ ಹಜ್ವಿನೈ, ನೀನೇ ಹೇಳಿದ್ದಲ್ಲ. ಇನ್ನು ಬಿತ್ತಿ ಯಾರಿಗೆ?” ಎಂದ.

ಹತ್ತು ಜನರ ಮನೆಗೆ ನಡೆದುಹೋಗಬಹುದು. ಹನ್ನೊಂದನೆಯವಳ ಮನೆಗೆ ನಡೆಯಲಿಕ್ಕೆ ಆಗುವುದಿಲ್ಲ. ನೀನು ಕಾಗದ ಬರೆದು ಎಂಟು ವಾರ. ಹೇಗಿದ್ದೀ?

ತೇತೆ

*

ಮುತ್ಸಂಗಾ
27 ಸೆಪ್ಟೆಂಬರ್ 1998

ಮಗಳೇ,

ಮುಯಾಂಬೊನ ಅಂಗಡಿಯಿಂದ ನಿನ್ನ ಕಾಲೇಜಿಗೆ ಫೋನ್ ಮಾಡಿಸಿದೆ. “ಶುವಾಯಿನಾ? ಹದಿನೈದು ದಿನದಿಂದ ಬಂದಿಲ್ಲ” ಎಂದರಂತೆ. ಯಾಕೆ ಎಂದು ಕೇಳುವಷ್ಟರಲ್ಲಿ ಲೈನ್ ಹೋಯಿತು. ಮತ್ತೆ ನಾಲ್ಕು ಸಲ ತಿರುಗಿಸಿದ, ಸಿಗಲಿಲ್ಲ.

ನಾನೇ ಬರುತ್ತಿದ್ದೆ. ಗಪಾರೆಗೆ ದಿನಾ ಎರಡು ಹೊತ್ತು ರಾಗಿ ಗಂಜಿ ನಾನೇ ಬಾಯಿಗಿಟ್ಟರೆ ಎರಡು ಗುಟುಕು ಕುಡಿಯುತ್ತಾನೆ, ಬೇರೆಯವರ ಕೈಯಲ್ಲಿ ಅದೂ ಇಲ್ಲ. ನಾನು ಬಸ್ ಹತ್ತಿದರೆ ವಾಪಸ್ ಬರುವಷ್ಟರಲ್ಲಿ ಅವನು ಇರುವುದಿಲ್ಲ. ಇಲ್ಲಿ ಕಾಲು ಕಟ್ಟಿದೆ, ಅಲ್ಲಿ ಜೀವ ಎಳೆಯುತ್ತಿದೆ. ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಬಸ್ ಬರುವ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲುತ್ತೇನೆ. ಡ್ರೈವರ್ ನನ್ನ ಮುಖ ನೋಡಿ ದೂರದಿಂದಲೇ ತಲೆಯಾಡಿಸುತ್ತಾನೆ.

ನೀನು ನನ್ನ ಹಿಂದೆ ಬಂದಿರಲಿಲ್ಲ ಎಂದು ನನಗೆ ಗೊತ್ತು. ಕಾಗದ ಓದಿದ ದಿನವೇ ಗೊತ್ತಾಗಿತ್ತು. ಬಾಯಿ ಬಿಟ್ಟು ಹೇಳಲು ಅಭಿಮಾನ ಬಿಡಲಿಲ್ಲ.

ಒಂದು ಸಾಲು ಬರಿ. ಬೈದಾದರೂ ಬರಿ.

ತೇತೆ

*

ಹರಾರೆ
7 ಅಕ್ಟೋಬರ್ 1998

ಪ್ರೀತಿಯ ತೇತೆ,

ಇದ್ದೇನೆ. ಬದುಕಿದ್ದೇನೆ. ಮೊದಲು ಅದನ್ನು ಓದಿಕೊಳ್ಳಿ, ಆಮೇಲೆ ಉಳಿದದ್ದು.

ಆಸ್ಪತ್ರೆಯಲ್ಲಿದ್ದೆ. ನಿಮ್ಮ ಎರಡೂ ಕಾಗದ ಹಾಸ್ಟೆಲಿನ ಬಾಗಿಲ ಕೆಳಗೆ ಬಿದ್ದಿದ್ದವು, ಇವತ್ತು ಬಂದು ತೆಗೆದುಕೊಂಡೆ. ಸೆಪ್ಟೆಂಬರ್ ಮೊದಲ ವಾರ ಕೆಮ್ಮು ಶುರುವಾಯಿತು. ಚಳಿ, ಜ್ವರ, ಎದೆನೋವು. ಎರಡನೇ ವಾರ ಉಸಿರು ಸಿಗದೆ ಪಕ್ಕದ ಕೋಣೆಯ ಹುಡುಗಿ ಸೇರಿಸಿದಳು. ನ್ಯುಮೋನಿಯಾ ಎಂದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್.

ನಿಮಗಲ್ಲದೆ ಇನ್ಯಾರಿಗೂ ಹೇಳಲಾರೆ. ಮಲಗಿದ್ದಾಗ ಎದೆ ಕೀಂಯ್ ಎನ್ನುವುದನ್ನು ಕೇಳಿಸಿಕೊಳ್ಳುತ್ತ, ಮರ ಸತ್ತಿತು ಅಂದುಕೊಂಡೆ. ಯಾರೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡೆ. ಐದು ಸಲ ಪರೀಕ್ಷೆ ಮಾಡಿ, ಅಂಕಿ ಬರೆದು, ಡಿಗ್ರಿ ತೆಗೆದುಕೊಂಡ ಹುಡುಗಿ ನಾನು. ಆ ಅಂಕಿಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನಿಮ್ಮ ಮಾತೊಂದೇ ತಲೆಯಲ್ಲಿ. ಮೂರು ದಿನ ಊಟ ಮುಟ್ಟಲಿಲ್ಲ. ನರ್ಸ್ ಗದರಿದಳು, “ಔಷಧಿ ಕೆಲಸ ಮಾಡ್ತಿದೆ, ಜ್ವರ ಇಳಿದಿದೆ, ನೀನ್ಯಾಕೆ ಸಾಯೋಕೆ ಹೊರಟಿದೀಯಾ?” ಎಂದು.  ಆಮೇಲೆ ಹಸಿವಾಯಿತು. ಅಷ್ಟೇ, ಬೇರೇನೂ ಆಗಲಿಲ್ಲ. ಸಾದ್ಜಾ ಮುದ್ದೆ ಕೇಳಿ ತಿಂದೆ, ಎರಡನೇ ಸಲವೂ ಹಾಕಿಸಿಕೊಂಡೆ.

ಇವತ್ತು ನಿಮ್ಮ ಕಾಗದ ಓದಿದೆ. ಮರ ನಾನು ಅಂದುಕೊಂಡ ವಾರವೇ ಸತ್ತಿದೆ. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಕುರ್ಚಿಯ ಮೇಲೆ ಕೂತು ನಿಮಗೆ ಬರೆಯುತ್ತಿದ್ದೇನೆ.

ಸೇಕುರು ಗಪಾರೆ ಹೇಗಿದ್ದಾರೆ?

ನಿಮ್ಮ ಮಗಳು,
ಶುವಾಯಿ

*

ಮುತ್ಸಂಗಾ
16 ಅಕ್ಟೋಬರ್ 1998

ನನ್ನ ಮಗಳೇ,

ನಿನ್ನ ಕಾಗದವನ್ನು ರಸ್ತೆಯಲ್ಲೇ ನಿಂತು ಓದಿದೆ. ಬಸ್ಸಿನವರೆಲ್ಲ ನೋಡುತ್ತಿದ್ದರು. ಅಲ್ಲೇ ಕೂತು ಗೊಳೋ ಎಂದು ಅತ್ತೆ, ನಾಚಿಕೆಯಾಗಲಿಲ್ಲ.

ಮರ ಸತ್ತಿದೆ. ನೀನು ಬದುಕಿದ್ದೀ. ಈ ಎರಡನ್ನೂ ಮುಂದಿಟ್ಟುಕೊಂಡು ಮೂರು ದಿನ ಕೂತಿದ್ದೆ. ಅಜ್ಜಿ ಸುಳ್ಳು ಹೇಳುವವಳಲ್ಲ. ಆದರೆ ಈಗ ಒಂದು ಯೋಚನೆ ಬರುತ್ತಿದೆ. ಔಷಧಿ ಕುಡಿದವನು ಹುಷಾರಾದ ಮೇಲೆ ಕೊಡಲಿ ಹಿಡಿದು ಮರ ಹುಡುಕಿಕೊಂಡು ಹೋಗದಿರಲಿ ಎಂದು ಯಾವಳೋ ಮುತ್ತಜ್ಜಿ ಕಟ್ಟಿದ ಬೇಲಿ ಇರಬೇಕು ಆ ಮಾತು. ಒಳ್ಳೆಯ ಬೇಲಿ. ಇಷ್ಟು ವರ್ಷ ಮರ ಕಾಯಿತು. ಈಗ ಮರ ಇಲ್ಲ, ಬೇಲಿ ಉಳಿದಿದೆ, ಅದರೊಳಗೆ ಜನ ಸಿಕ್ಕಿಕೊಂಡು ಸಾಯುತ್ತಿದ್ದಾರೆ.

ಗಪಾರೆಗೆ ನಿನ್ನ ಕಾಗದ ಓದಿ ಹೇಳಿದೆ. “ಕಾಗದ ಯಾರು ಬೇಕಾದ್ರೂ ಬರೀಬೋದು” ಎಂದು ಮತ್ತೆ ಗೋಡೆಗೆ ತಿರುಗಿದ. ನಾನು ಹೇಳಿದ್ದು ತಪ್ಪು ಎಂದೆ. “ಈಗ ನನ್ ಸಮಾಧಾನಕ್ಕೆ ಹೇಳ್ತೀಯಾ ಹಜ್ವಿನೈ. ಆಗ ನೀನು ನಗ್ತಾ ಹೇಳಿರಲಿಲ್ಲ” ಎಂದ. ಗಂಜಿ ಈಗ ಒಂದೇ ಗುಟುಕು. ರವಿರೋ ಮನೆಯ ಒಲೆ ಹಚ್ಚಿ ನಾಲ್ಕು ದಿನವಾಯಿತು. ಮೂವತ್ತೆಂಟು ವರ್ಷ ನನ್ನ ಮಾತನ್ನು ನಂಬಿದವರು ಈಗ ನನ್ನನ್ನೇ ನಂಬುತ್ತಿಲ್ಲ, ಆ ಮಾತನ್ನು ಮಾತ್ರ ನಂಬುತ್ತಾರೆ.

ಎಲೆಯ ವಿಷಯ, ನಿನ್ನ ನೇರಳೆ ನೀರಿನ ವಿಷಯ, ನಮ್ಮಿಬ್ಬರ ಜಗಳ, ಎಲ್ಲ ಆಮೇಲೆ. ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ, ಅದನ್ನೂ ಆಮೇಲೆ ನೋಡೋಣ. ಈಗಿರುವವರಲ್ಲಿ ಆ ಮರದಿಂದ ಮೊದಲು ಎದ್ದವಳು ನೀನು ಎಂದು ಊರಿಗೆಲ್ಲ ಗೊತ್ತು. ನಿನ್ನ ಕೈ ಹಿಡಿದುಕೊಂಡು ಮನೆ ಮನೆಗೆ ಹೋಗಬೇಕು. ಅವರ ಹಾಸಿಗೆಯ ಪಕ್ಕ ಕೂರಬೇಕು, ಜೋರಾಗಿ ಉಸಿರಾಡಬೇಕು, ಅವರ ಮುಂದೆಯೇ ಹೊಟ್ಟೆ ತುಂಬ ತಿನ್ನಬೇಕು. ನಾನು ಆಡಿದ ಮಾತನ್ನು ನಾನೇ ಸುಳ್ಳು ಮಾಡಬೇಕಾಗಿದೆ, ಒಬ್ಬಳ ಕೈಯಲ್ಲಿ ಆಗುತ್ತಿಲ್ಲ.

ಗಪಾರೆಗೆ ಹೆಚ್ಚು ದಿನವಿಲ್ಲ. ಉತ್ತರ ಬರೆಯುತ್ತ ಕೂರಬೇಡ. ಇದು ಕೈಗೆ ಸಿಕ್ಕ ಮರುದಿನದ ಬಸ್ಸಿಗೇ ಬಾ.

ನಿನ್ನ ತೇತೆ,
ಹಜ್ವಿನೈ